ಸೋರುವ ಎಣ್ಣೆಯೂ ಪ್ಯಾಸ್ಕಲನ ನಿಯಮವೂ

ಪ್ಯಾಸ್ಕಲನ ನಿಯಮದ ಹೆಸರನ್ನು ಕೇಳದೆ ಪದವಿಪೂರ್ವ ವಿಜ್ಞಾನ ತರಗತಿಯನ್ನು ದಾಟಿದ ವಿದ್ಯಾರ್ಥಿಗಳು ನಮ್ಮಲ್ಲಿ ಇರಲಾರರು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡವನ್ನು ಹೆಚ್ಚಿಸಿದರೆ ಆ ಹೆಚ್ಚಳವು ಕುಂದದೆ ಎಲ್ಲ ದಿಕ್ಕುಗಳಿಗೂ ಹರಡುವುದೆಂದು ಅವರು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಒಂದು ಸಣ್ಣ ಪಿಸ್ಟನ್ನನ್ನೂ ಒಂದು ದೊಡ್ಡ ಪಿಸ್ಟನ್ನನ್ನೂ ಬರೆದು, ಕ್ಷೇತ್ರಫಲಗಳ ಪ್ರಮಾಣದಿಂದ ಬಲವನ್ನು ಲೆಕ್ಕ ಹಾಕಿ, ಪೂರ್ಣ ಅಂಕಗಳನ್ನೂ ಗಳಿಸಬಲ್ಲರು. ಆದರೆ ಇದೇ ವಿದ್ಯಾರ್ಥಿಗಳು ಒಂದು ಬೆಳಿಗ್ಗೆ ಮನೆಯ ಮುಂದೆ ನಿಂತ ಕಾರಿನ ಅಡಿಯಲ್ಲಿ ನಸುಗೆಂಪು ಬಣ್ಣದ ಒಂದು ಎಣ್ಣೆಯ ಕಲೆಯನ್ನು ಕಂಡರೆ ಏನು ಮಾಡುವರು? "ಎಲ್ಲೋ ಲೀಕ್ ಆಗಿದೆ, ಸ್ವಲ್ಪ ಆಯಿಲ್ ಹಾಕಿಸಿದರೆ ಆಯಿತು" ಎನ್ನುವರು. ಮನೆಯ ಹಿರಿಯರೂ ಹಾಗೆಯೇ ಎನ್ನುವರು. ಪುಸ್ತಕದಲ್ಲಿ ಓದಿದ ನಿಯಮಕ್ಕೂ ನೆಲದ ಮೇಲಿನ ಆ ಕಲೆಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಎಲ್ಲರೂ ತಮ್ಮ ತಮ್ಮ ಕೆಲಸಗಳಿಗೆ ಹೊರಡುವರು.

ಈ ಮನೋಭಾವವು ಅವೈಜ್ಞಾನಿಕವಾದುದು. ಕೆಲವು ಸಂದರ್ಭಗಳಲ್ಲಿ ಅಪಾಯಕರವಾದುದು. ಪವರ್ ಸ್ಟೀಯರಿಂಗಿನ ಎಣ್ಣೆ ಸೋರುತ್ತಿದೆಯೇ, ಸೋರುತ್ತಿದ್ದರೆ ಎಲ್ಲಿಂದ, ಎಂದು ಕ್ರಮವಾಗಿ ಹುಡುಕಿ ಕಂಡುಹಿಡಿಯುವ ಕೆಲಸವು ಭೌತವಿಜ್ಞಾನದ ಒಂದು ಒಳ್ಳೆಯ ಪ್ರಯೋಗವೆಂದೂ, ಅದನ್ನು ಮೆಕ್ಯಾನಿಕ್ಕಿನ ಪಾಲಿಗೆ ಮಾತ್ರ ಬಿಟ್ಟುಬಿಡುವುದು ನಮ್ಮ ಶಿಕ್ಷಣದ ಕೊರತೆಯೆಂದೂ ನಾವು ಭಾವಿಸುತ್ತೇವೆ. ಈ ಅಭಿಪ್ರಾಯಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಿಯಮದಿಂದ ಯಂತ್ರಕ್ಕೆ 132 ವರ್ಷ

ಬ್ಲೇಸ್ ಪ್ಯಾಸ್ಕಲ್ ಫ್ರಾನ್ಸ್ ದೇಶದವನು. 1623ರಲ್ಲಿ ಹುಟ್ಟಿ 1662ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ತೀರಿಕೊಂಡನು. ದ್ರವಗಳ ಸಮತೋಲವನ್ನು ಕುರಿತು ಅವನು ಬರೆದ ಪ್ರಬಂಧವು ಮರುವರ್ಷ, ಅಂದರೆ 1663ರಲ್ಲಿ, ಅಚ್ಚಾಯಿತು. ಒಂದು ಪಿಸ್ಟನ್ನು ಇನ್ನೊಂದಕ್ಕಿಂತ ನೂರು ಪಾಲು ದೊಡ್ಡದಾಗಿದ್ದರೆ ಸಣ್ಣದನ್ನು ಒತ್ತುವ ಒಬ್ಬ ಮನುಷ್ಯನು ದೊಡ್ಡದನ್ನು ಒತ್ತುವ ನೂರು ಮನುಷ್ಯರಿಗೆ ಸಮನಾಗುವನೆಂದು ಅವನು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಿದ್ದರೂ ಇಂತಹ ಯಂತ್ರವು ಕಾರ್ಖಾನೆಯೊಳಗೆ ಕಾಲಿಟ್ಟದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು 1795ರಲ್ಲಿ ಜಲಒತ್ತು ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆಯೇ. ನಿಯಮಕ್ಕೂ ಯಂತ್ರಕ್ಕೂ ನಡುವೆ 132 ವರ್ಷಗಳು ಉರುಳಿದವು.

ಯಂತ್ರಕ್ಕೆ ಬಹು ದೊಡ್ಡ ಅಡ್ಡಿಯಾಗಿದ್ದದ್ದು ಸೋರಿಕೆ. ಪಿಸ್ಟನ್ನು ಸಿಲಿಂಡರಿನೊಳಗೆ ಸರಾಗವಾಗಿ ಚಲಿಸಬೇಕು. ಆದರೆ ಅದರ ಅಂಚಿನಲ್ಲಿ ನೀರು ನುಸುಳಬಾರದು. ಅಂಚನ್ನು ಬಿಗಿಯಾಗಿ ಕಟ್ಟಿದರೆ ಪಿಸ್ಟನ್ನು ಹಿಂದಕ್ಕೆ ಬಾರದು, ಸಡಿಲವಾಗಿ ಬಿಟ್ಟರೆ ಒತ್ತಡವು ನಿಲ್ಲದು. ಈ ಕಗ್ಗಂಟನ್ನು ಬಿಡಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಬ್ರಾಮಾನ ಕಾರ್ಯಾಗಾರದಲ್ಲಿ ದುಡಿಯುತ್ತಿದ್ದ ಹೆನ್ರಿ ಮಾಡ್‌ಸ್ಲೇಗೆ ಸಲ್ಲಿಸುವರು. ಇವನು ಹುಡುಗನಾಗಿದ್ದಾಗಲೇ ವುಲ್ವಿಚ್ ಶಸ್ತ್ರಾಗಾರದಲ್ಲಿ ಕೂಲಿಗೆ ಸೇರಿ, ಕೈಕೆಲಸದಿಂದಲೇ ಮೇಲೆ ಬಂದವನು. ಒಂದು ತೊಗಲಿನ ಪಟ್ಟಿಯನ್ನು ಬಟ್ಟಲಿನಂತೆ ಬಗ್ಗಿಸಿ, ಅದರ ಬಾಯಿಯು ಒತ್ತಡವಿರುವ ಕಡೆಗೆ ತಿರುಗಿರುವಂತೆ ಕೂರಿಸಿದರು. ಒತ್ತಡ ಏರಿದಂತೆಲ್ಲ ನೀರು ತೊಗಲಿನ ತುಟಿಯನ್ನು ತಾನೇ ಗೋಡೆಗೆ ಅದುಮುವುದು. ಒತ್ತಡ ಇಳಿದಾಗ ತುಟಿಯು ತಾನೇ ಸಡಿಲವಾಗುವುದು. ಯಾವ ನಿಯಮದ ದೆಸೆಯಿಂದ ದ್ರವವು ಎಲ್ಲ ದಿಕ್ಕಿಗೂ ನುಗ್ಗಿ ಸೋರಲು ಹವಣಿಸುವುದೋ ಅದೇ ನಿಯಮವನ್ನು ಸೋರಿಕೆಯನ್ನು ತಡೆಯುವುದಕ್ಕೂ ಉಪಯೋಗಿಸಿಕೊಂಡಂತಾಯಿತು. ಇಂದು ಗ್ಯಾರೇಜುಗಳಲ್ಲಿ ಆಯಿಲ್ ಸೀಲ್ ಎಂದು ಕರೆಯುವ ರಬ್ಬರಿನ ಬಳೆಗಳು ಈ ತೊಗಲಿನ ಪಟ್ಟಿಯ ವಂಶಕ್ಕೆ ಸೇರಿದವು.

ಈ ಕಥೆಯಲ್ಲಿ ನಮಗೆ ಒಂದು ಪಾಠವುಂಟು. ಪಂಡಿತನ ಪ್ರಬಂಧವೊಂದೇ ಯಂತ್ರವನ್ನು ಹುಟ್ಟಿಸಲಿಲ್ಲ. ಸೋರಿಕೆಯನ್ನು ಕಣ್ಣಿಟ್ಟು ನೋಡಿದ ಕೈಗಳು ಬೇಕಾದವು. ಸೋರಿಕೆಯನ್ನು ಕ್ಷುಲ್ಲಕವೆಂದು ಭಾವಿಸುವವರು ಇದನ್ನು ನೆನಪಿನಲ್ಲಿಡಬೇಕು.

ಸ್ಟೀಯರಿಂಗಿಗೆ ಸಹಾಯ ಮಾಡುವ ದ್ರವ

ಮೋಟಾರು ವಾಹನಗಳು ಭಾರವಾಗುತ್ತ ಹೋದಂತೆ ಚಕ್ರಗಳನ್ನು ತಿರುಗಿಸುವುದು ಚಾಲಕನ ತೋಳಿಗೆ ಮೀರಿದ ಕೆಲಸವಾಯಿತು. ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರನಾಗಿದ್ದ ಫ್ರಾನ್ಸಿಸ್ ಡೇವಿಸ್ ಎಂಬಾತನು 1926ರಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ಟೀಯರಿಂಗನ್ನು ವಾಹನವೊಂದಕ್ಕೆ ಅಳವಡಿಸಿ ಓಡಿಸಿ ತೋರಿಸಿದನು. ಅದು ಕೂಡಲೇ ಮಾರುಕಟ್ಟೆಗೆ ಬರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಭಾರಿ ವಾಹನಗಳಲ್ಲಿ ಬಳಕೆಯಾಗಿ, ಕೊನೆಗೆ 1951ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನೊಡನೆ ಸಾರ್ವಜನಿಕರ ಕೈಸೇರಿತು.

ಇದರ ರಚನೆ ಜಟಿಲವಾದುದೇನೂ ಅಲ್ಲ. ಎಂಜಿನ್ನಿನಿಂದ ಬೆಲ್ಟಿನ ಮೂಲಕ ತಿರುಗುವ ಒಂದು ಪಂಪು. ಅದಕ್ಕೆ ಎಣ್ಣೆಯೊದಗಿಸುವ ಒಂದು ಸಣ್ಣ ಡಬ್ಬಿ. ಪಂಪಿನಿಂದ ಹೊರಡುವ ಗಟ್ಟಿಯಾದ ಒತ್ತಡದ ಕೊಳವೆ. ಎಣ್ಣೆಯನ್ನು ಹಿಂದಿರುಗಿಸುವ ಮೆತುವಾದ ಕೊಳವೆ. ಇವುಗಳ ನಡುವೆ ಒಂದು ಕವಾಟ ಮತ್ತು ಒಂದು ಸಿಲಿಂಡರು. ಸಿಲಿಂಡರಿನ ಪಿಸ್ಟನ್ನು ಮುಂದಿನ ಚಕ್ರಗಳನ್ನು ಅತ್ತಿತ್ತ ಎಳೆಯುವ ಹಲ್ಲುಪಟ್ಟಿಗೆ ಸೇರಿಕೊಂಡಿರುತ್ತದೆ. ಈ ಹಲ್ಲುಪಟ್ಟಿಯನ್ನು ಗ್ಯಾರೇಜುಗಳಲ್ಲಿ ರ‍್ಯಾಕ್ ಎನ್ನುವರು. ಚಾಲಕನು ಸ್ಟೀಯರಿಂಗನ್ನು ತಿರುಗಿಸಿದಾಗ ಒಳಗಿನ ತೆಳುವಾದ ಉಕ್ಕಿನ ಸರಳೊಂದು ಸ್ವಲ್ಪ ತಿರುಚಿಕೊಳ್ಳುವುದು. ಆ ತಿರುಚಿನಿಂದ ಕವಾಟವು ತೆರೆದು, ಎಣ್ಣೆಯನ್ನು ಪಿಸ್ಟನ್ನಿನ ಒಂದು ಪಕ್ಕಕ್ಕೆ ಕಳುಹಿಸುವುದು. ಇನ್ನೊಂದು ಪಕ್ಕದ ಎಣ್ಣೆಯು ಡಬ್ಬಿಗೆ ಮರಳುವುದು. ಸ್ಟೀಯರಿಂಗು ನೇರವಾಗಿದ್ದಾಗ ಎಣ್ಣೆ ಕಡಿಮೆ ಒತ್ತಡದಲ್ಲಿ ಸುಮ್ಮನೆ ಸುತ್ತುತ್ತಿರುವುದು. ತಿರುಗಿಸಿದಾಗ ಮಾತ್ರ ಒತ್ತಡವು ಏರುವುದು.

ಎಷ್ಟು ಏರುವುದು? ಕಾರುಗಳಲ್ಲಿ ಗರಿಷ್ಠ ಒತ್ತಡವು ಸಾಮಾನ್ಯವಾಗಿ 70ರಿಂದ 100 ಬಾರ್‌ಗಳ ಆಸುಪಾಸಿನಲ್ಲಿರುತ್ತದೆ. ಲೆಕ್ಕಕ್ಕೆ 80 ಬಾರ್ ಎಂದಿಟ್ಟುಕೊಳ್ಳೋಣ. ಒಂದು ಬಾರ್ ಎಂದರೆ ಒಂದು ಲಕ್ಷ ಪ್ಯಾಸ್ಕಲ್. ಪ್ಯಾಸ್ಕಲನ ಹೆಸರನ್ನು ಒತ್ತಡದ ಮಾನಕ್ಕೆ ಇಟ್ಟದ್ದು 1971ರಲ್ಲಿ. ಆದುದರಿಂದ ನಮ್ಮ ಒತ್ತಡವು 80 ಲಕ್ಷ ಪ್ಯಾಸ್ಕಲ್. ಪಿಸ್ಟನ್ನಿನ ಕ್ಷೇತ್ರಫಲವು 8 ಚದರ ಸೆಂಟಿಮೀಟರ್ ಆಗಿದ್ದರೆ ಅದರ ಮೇಲಿನ ಬಲವು 6,400 ನ್ಯೂಟನ್; ಅಂದರೆ ಸುಮಾರು 650 ಕಿಲೋಗ್ರಾಮ್ ತೂಕದಷ್ಟು. ಇಷ್ಟು ಒತ್ತಡವನ್ನು ನೀರಿನ ಕಂಬದಿಂದ ಪಡೆಯಬೇಕಾದರೆ ಆ ಕಂಬವು 800 ಮೀಟರುಗಳಿಗೂ ಹೆಚ್ಚು ಎತ್ತರವಿರಬೇಕು. ನಮ್ಮ ಜೋಗದ ಜಲಪಾತದ ಎತ್ತರ 253 ಮೀಟರ್. ಮೂರು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಸಾಲದಷ್ಟು ಒತ್ತಡವನ್ನು ಬೆರಳು ಗಾತ್ರದ ಒಂದು ಕೊಳವೆಯೂ ಕೆಲವು ರಬ್ಬರ್ ಬಳೆಗಳೂ ತಡೆದು ನಿಲ್ಲಿಸಿವೆ. ಅವು ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಗಡುಸಾಗಿ ಒಂದು ದಿನ ಸೋತರೆ ಆಶ್ಚರ್ಯವೇನು?

ಎಣ್ಣೆ ಎಲ್ಲಿಗೆ ಹೋಯಿತು?

ಪೆಟ್ರೋಲು ಉರಿದು ಖರ್ಚಾಗುವ ವಸ್ತು. ಸ್ಟೀಯರಿಂಗಿನ ಎಣ್ಣೆ ಹಾಗಲ್ಲ; ಅದು ಮುಚ್ಚಿದ ದಾರಿಯಲ್ಲಿ ಸುತ್ತುತ್ತ ಇರುವಂತಹುದು. ದ್ರವ್ಯಕ್ಕೆ ನಾಶವಿಲ್ಲವೆಂಬ ತತ್ತ್ವವನ್ನು ನಂಬುವವರು ಡಬ್ಬಿಯಲ್ಲಿ ಎಣ್ಣೆಯ ಮಟ್ಟ ಇಳಿದುದನ್ನು ಕಂಡ ಕೂಡಲೇ "ಅದು ಎಲ್ಲಿಗೆ ಹೋಯಿತು?" ಎಂದು ಕೇಳಬೇಕು. ಈ ಪ್ರಶ್ನೆಯನ್ನು ಕೇಳದೆ ಮೇಲಿಂದ ಮೇಲೆ ಎಣ್ಣೆ ತುಂಬುವುದು, ಖರ್ಚಿನ ಲೆಕ್ಕವನ್ನು ನೋಡದೆ ಪ್ರತಿ ತಿಂಗಳೂ ಸಾಲ ತಂದು ಪೆಟ್ಟಿಗೆ ತುಂಬಿದಂತೆ.

ಸೋರಿಕೆ ಅಲ್ಪವಾದರೆ ಏನು ಮಹಾ, ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಕಾರು ಓಡುವಾಗ ನಿಮಿಷಕ್ಕೆ ಒಂದೇ ಹನಿ ಬೀಳುವುದೆಂದೂ, ಕಾರು ದಿನಕ್ಕೆ ಒಂದು ಗಂಟೆ ಮಾತ್ರ ಓಡುವುದೆಂದೂ ಭಾವಿಸೋಣ. ತಿಂಗಳಿಗೆ 1,800 ಹನಿಗಳಾದವು. ಒಂದು ಮಿಲಿಲೀಟರಿಗೆ 25 ಹನಿಗಳಂತೆ ಹಿಡಿದರೆ ಇದು 72 ಮಿಲಿಲೀಟರು. ಇಡೀ ವ್ಯವಸ್ಥೆಯಲ್ಲಿರುವ ಎಣ್ಣೆಯೇ ಸುಮಾರು ಒಂದು ಲೀಟರು. ಮೇಲಿನ ಡಬ್ಬಿಯಲ್ಲಿರುವುದು ಅದರ ಒಂದು ಪಾಲು ಮಾತ್ರ. ಕೆಲವೇ ತಿಂಗಳುಗಳಲ್ಲಿ ಡಬ್ಬಿ ಬರಿದಾಗುವುದು. ಆಗ ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ಸೆಳೆಯುವುದು. ದ್ರವವು ಒತ್ತಿದರೆ ಕುಗ್ಗುವುದು ಅತ್ಯಲ್ಪ; ಗಾಳಿಯಾದರೋ ಬಾಯ್ಲನ ನಿಯಮದಂತೆ ಕುಗ್ಗುವುದು. ಹೀಗಾಗಿ ಒತ್ತಡವು ಸರಿಯಾಗಿ ಏರದೆ ಸ್ಟೀಯರಿಂಗು ತಡೆತಡೆದು ತಿರುಗುವುದು, ಡಬ್ಬಿಯೊಳಗೆ ನೊರೆ ಕಾಣುವುದು, ತಿರುವಿನಲ್ಲಿ ನರಳುವಂತಹ ಸದ್ದು ಕೇಳುವುದು. ಎಣ್ಣೆಯೇ ಪಂಪಿಗೆ ಜಾರುಕವೂ ಆಗಿರುವುದರಿಂದ ಅದಿಲ್ಲದೆ ಪಂಪಿನ ಲೋಹಗಳು ಒಂದನ್ನೊಂದು ಉಜ್ಜಿ ಕೆಡುವುವು. ನೂರಾರು ರೂಪಾಯಿಗಳ ಸೀಲನ್ನು ಬದಲಾಯಿಸದವರು ಸಾವಿರಾರು ರೂಪಾಯಿಗಳ ಪಂಪನ್ನು ಕೊಳ್ಳಬೇಕಾಗುವುದು ಹೀಗೆ.

ಎಣ್ಣೆ ಪೂರ್ತಿ ಹೋದರೂ ಸ್ಟೀಯರಿಂಗು ಕೈಬಿಟ್ಟು ಹೋಗುವುದಿಲ್ಲ. ಚಕ್ರಗಳಿಗೂ ಚಾಲಕನ ಕೈಗೂ ನಡುವಣ ಉಕ್ಕಿನ ಸಂಬಂಧ ಉಳಿದೇ ಇರುತ್ತದೆ. ಆದರೆ ಅದು ಒಮ್ಮೆಗೇ ಭಾರವಾಗುವುದು. ಘಾಟಿಯ ಹಿಮ್ಮುರಿ ತಿರುವಿನಲ್ಲಿ, ವೇಗ ಕಡಿಮೆಯಿದ್ದು ಚಕ್ರವನ್ನು ಬಹಳವಾಗಿ ತಿರುಗಿಸಬೇಕಾದಾಗಲೇ, ಈ ಭಾರವು ಹೆಚ್ಚಾಗಿ ತೋರುವುದು. ಸರಕು ತುಂಬಿದ ಲಾರಿಯಲ್ಲಿ ಇದರ ಪರಿಣಾಮವನ್ನು ಹೇಳಬೇಕಾದುದಿಲ್ಲ. ಇದಲ್ಲದೆ ಈ ಎಣ್ಣೆ ಉರಿಯುವ ಗುಣವುಳ್ಳದ್ದು. ಎಂಜಿನ್ನಿನ ಹೊಗೆಕೊಳವೆಯ ಕಾದ ಭಾಗದ ಮೇಲೆ ಅದು ಚಿಮ್ಮಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವುಂಟು. ಆದಕಾರಣ ಇದು ಕೇವಲ ಹಣದ ಪ್ರಶ್ನೆಯಲ್ಲ.

ಹುಡುಕುವ ಕ್ರಮ

ನೆಲದ ಮೇಲೆ ಕಲೆಯಿದೆಯೆಂದ ಮಾತ್ರಕ್ಕೆ ಅದು ಸ್ಟೀಯರಿಂಗಿನದೇ ಎಂದು ತೀರ್ಮಾನಿಸಲಾಗದು. ಮೊದಲು ಅದು ಎಣ್ಣೆಯೋ ನೀರೋ ಎಂಬುದನ್ನು ನೋಡಬೇಕು. ಹನಿಯನ್ನು ಒಂದು ಬಿಳಿಯ ಕಾಗದದ ಮೇಲೆ ತೆಗೆದುಕೊಂಡು ಒಣಗಲು ಬಿಟ್ಟರೆ ಕಾರಿನ ಹವಾನಿಯಂತ್ರಕದಿಂದ ಬಿದ್ದ ನೀರು ಕಾಗದವನ್ನು ಬಿಟ್ಟುಹೋಗುವುದು. ಎಣ್ಣೆ ಬಿದ್ದ ಜಾಗವು ಬೆಳಕಿಗೆ ಹಿಡಿದಾಗ ಅರೆಪಾರದರ್ಶಕವಾಗಿ ಉಳಿಯುವುದು. ಬುನ್ಸೆನ್ನನ ಎಣ್ಣೆಕಲೆಯ ದೀಪ್ತಿಮಾಪಕವನ್ನು ಪ್ರಯೋಗಶಾಲೆಯಲ್ಲಿ ಕಂಡವರಿಗೆ ಇದು ಹಳೆಯ ಪರಿಚಯವೇ ಸರಿ.

ಮುಂದೆ ಬಣ್ಣ. ಅನೇಕ ವಾಹನಗಳ ಸ್ಟೀಯರಿಂಗ್ ಎಣ್ಣೆ ಹೊಸದಾಗಿರುವಾಗ ಕೆಂಪಗಿರುತ್ತದೆ. ಕೆಲವದರಲ್ಲಿ ಜೇನಿನ ಬಣ್ಣ, ಇನ್ನು ಕೆಲವದರಲ್ಲಿ ಹಸುರು. ಹಳೆಯದಾದಂತೆ ಕಂದಾಗಿ ಕಪ್ಪಾಗುವುದು. ಎಂಜಿನ್ ಎಣ್ಣೆಯೂ ಕಂದು ಅಥವಾ ಕಪ್ಪು. ರೇಡಿಯೇಟರಿನ ದ್ರವಕ್ಕೆ ಹಸುರೋ ಕಿತ್ತಳೆಯೋ ಬಣ್ಣವೂ ಒಂದು ಬಗೆಯ ಸಿಹಿ ವಾಸನೆಯೂ ಇರುವುದು. ತಾನಾಗಿ ಗೇರ್ ಬದಲಾಯಿಸುವ ಕಾರುಗಳ ಗೇರ್ ಪೆಟ್ಟಿಗೆಯಲ್ಲಿಯೂ ಕೆಂಪು ಎಣ್ಣೆಯೇ ಇರುವುದುಂಟು. ಆದುದರಿಂದ ಬಣ್ಣವು ಸುಳುವು ಮಾತ್ರ, ಸಾಕ್ಷ್ಯವಲ್ಲ. ಬಣ್ಣ, ಬಿದ್ದ ಸ್ಥಳ, ಡಬ್ಬಿಯ ಮಟ್ಟ, ಈ ಮೂರೂ ಒಂದೇ ಮಾತನ್ನು ಹೇಳಿದಾಗ ನಮ್ಮ ಊಹೆಗೆ ಬಲ ಬರುವುದು.

ಮಟ್ಟವನ್ನು ನೋಡುವಾಗಲೂ ವಿವೇಕ ಬೇಕು. ಕಾರು ಸಮನೆಲದ ಮೇಲೆ ನಿಂತಿರಬೇಕು. ಹಲವು ಡಬ್ಬಿಗಳ ಮೇಲೆ ತಣ್ಣಗಿರುವಾಗ ಒಂದು, ಬಿಸಿಯಾಗಿರುವಾಗ ಒಂದು, ಹೀಗೆ ಎರಡು ಗುರುತುಗಳಿರುವುವು. ಒಂದು ಲೀಟರ್ ಎಣ್ಣೆಯ ತಾಪವು 50 ಡಿಗ್ರಿ ಏರಿದರೆ ಅದರ ಗಾತ್ರವು ಸುಮಾರು 35 ಮಿಲಿಲೀಟರಿನಷ್ಟು ಹಿಗ್ಗುವುದು. ಮೇಲಿನ ನಮ್ಮ ಲೆಕ್ಕದಂತೆ ಇದು ಹದಿನೈದು ದಿನಗಳ ಸೋರಿಕೆಗೆ ಸಮ! ಇಂದು ತಣ್ಣಗಿರುವಾಗ ನೋಡಿ, ಇನ್ನೊಂದು ವಾರ ಬಿಸಿಯಾಗಿರುವಾಗ ನೋಡಿದವರು ಸೋರಿಕೆಯಿದ್ದರೂ ಇಲ್ಲವೆಂದೇ ನಂಬುವರು. ಒಂದೇ ಸ್ಥಿತಿಯಲ್ಲಿ ಅಳೆಯದ ಎರಡು ಅಳತೆಗಳನ್ನು ಹೋಲಿಸಬಾರದೆಂಬ ನಿಯಮವು ಪ್ರಯೋಗಶಾಲೆಗೆ ಮಾತ್ರ ಮೀಸಲಲ್ಲ.

ಸೋರಿಕೆಯ ಮೂಲವನ್ನು ಹುಡುಕುವ ಮುನ್ನ ಹಳೆಯ ಜಿಡ್ಡನ್ನೆಲ್ಲ ಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆಯಬೇಕು. ಅನೇಕರು ಈ ಹೆಜ್ಜೆಯನ್ನು ಬಿಟ್ಟುಬಿಡುವರು. ಆಗ ಹಳೆಯ ಕಲೆ ಯಾವುದು ಹೊಸದು ಯಾವುದು ಎಂಬುದೇ ತಿಳಿಯದು. ಎಣ್ಣೆಯು ಗುರುತ್ವದಿಂದ ಕೆಳಕ್ಕೆ ಹರಿಯುವುದು. ಕಾರು ಓಡುವಾಗ ಗಾಳಿಯ ರಭಸಕ್ಕೆ ಹಿಂದಕ್ಕೂ ಹರಡುವುದು. ಆದ್ದರಿಂದ ಹನಿ ಬಿದ್ದ ಸ್ಥಳವೇ ಸೋರಿದ ಸ್ಥಳವಲ್ಲ. ತೇವವಾಗಿರುವ ಭಾಗಗಳ ಪೈಕಿ ಎಲ್ಲಕ್ಕಿಂತ ಮೇಲೆ ಮತ್ತು ಮುಂದೆ ಇರುವುದೇ ಮೂಲಕ್ಕೆ ಹತ್ತಿರವಾದುದು.

ಕಾರಿನ ಅಡಿಯಲ್ಲಿ ರಾತ್ರಿಯೆಲ್ಲ ಒಂದು ರಟ್ಟಿನ ಹಾಳೆಯನ್ನು ಹಾಸಿಡುವುದು ಸುಲಭವಾದ ಪರೀಕ್ಷೆ. ಡಬ್ಬಿ, ಹಿಂದಿರುಗುವ ಕೊಳವೆ, ಅವುಗಳ ಕ್ಲ್ಯಾಂಪುಗಳು ಇವುಗಳಲ್ಲಿ ದೋಷವಿದ್ದರೆ ಬೆಳಿಗ್ಗೆ ರಟ್ಟಿನ ಮೇಲೆ ಗುರುತು ಮೂಡಿರುವುದು. ಆದರೆ ರಟ್ಟು ಒಣಗಿದ್ದರೆ ಸೋರಿಕೆಯೇ ಇಲ್ಲವೆಂದು ಹೇಳಲಾಗದು. ಒತ್ತಡ ಹೆಚ್ಚಿದಂತೆ ಬಿರುಕಿನಲ್ಲಿ ಹರಿವು ಹೆಚ್ಚುವುದು. ಎಣ್ಣೆ ಬಿಸಿಯಾದಂತೆ ಅದರ ಸ್ನಿಗ್ಧತೆ ಇಳಿದು ಹರಿವು ಇನ್ನೂ ಹೆಚ್ಚುವುದು. ಕಿರಿದಾದ ಸಂದಿನ ಅಗಲವು ಎರಡರಷ್ಟಾದರೆ ಹರಿವು ಎಂಟರಷ್ಟಾಗುವುದು. ಆದುದರಿಂದ ಒತ್ತಡದ ಕಡೆಯ ಸೋರಿಕೆಯು ಎಂಜಿನ್ನು ನಡೆಯುತ್ತಿರುವಾಗ, ಸ್ಟೀಯರಿಂಗನ್ನು ತಿರುಗಿಸಿದಾಗ ಮಾತ್ರ ಪ್ರಕಟವಾಗುವುದುಂಟು. ಒಬ್ಬರು ಒಳಗೆ ಕುಳಿತು ಅದನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ತಿರುಗಿಸಬೇಕು. ಇನ್ನೊಬ್ಬರು ಬಾನೆಟ್ಟನ್ನು ತೆರೆದು, ದೂರದಿಂದ, ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಕೊನೆಯ ಸ್ಥಾನದಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿಡಬಾರದು. ಅಲ್ಲಿ ಒತ್ತಡವು ಗರಿಷ್ಠವಾಗಿ ಎಣ್ಣೆಯೂ ಪಂಪೂ ಅತಿಯಾಗಿ ಕಾಯುವುವು.

ಸೋರಿಕೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವ ಸ್ಥಳಗಳು ನಾಲ್ಕು: ಒತ್ತಡದ ಕೊಳವೆಯಲ್ಲಿ ರಬ್ಬರೂ ಲೋಹವೂ ಕೂಡುವ ಜಾಗ, ಪಂಪಿನ ಅಚ್ಚು ಹೊರಬರುವಲ್ಲಿನ ಸೀಲು, ಹಿಂದಿರುಗುವ ಕೊಳವೆಯ ಕ್ಲ್ಯಾಂಪುಗಳು, ಹಲ್ಲುಪಟ್ಟಿಯ ಎರಡು ಕೊನೆಗಳು. ಕೊನೆಯದು ಮೋಸಗಾರ. ಅಲ್ಲಿ ಸುಕ್ಕುಸುಕ್ಕಾದ ರಬ್ಬರ್ ಬೂಟುಗಳಿರುವುದರಿಂದ ಸೋರಿದ ಎಣ್ಣೆ ಹೊರಗೆ ಬೀಳದೆ ಬೂಟಿನೊಳಗೇ ತುಂಬಿಕೊಳ್ಳುವುದು. ನೆಲ ಒಣಗಿದೆ, ಆದರೆ ಮಟ್ಟ ಇಳಿಯುತ್ತಿದೆ ಎಂದಾದರೆ ಎಂಜಿನ್ನನ್ನು ನಿಲ್ಲಿಸಿ ಆ ಬೂಟನ್ನು ಮೆಲ್ಲನೆ ಅದುಮಿ ನೋಡಬೇಕು. ಒಳಗೆ ದ್ರವ ಕುಲುಕಿದರೆ ಮೂಲ ಸಿಕ್ಕಿತು. ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು: ಡಬ್ಬಿಯಿಂದ ಪಂಪಿಗೆ ಹೋಗುವ ಕೊಳವೆಯಲ್ಲಿ ಪಂಪು ಎಣ್ಣೆಯನ್ನು ಸೆಳೆಯುವುದರಿಂದ ಅಲ್ಲಿನ ಸಡಿಲ ಸಂದು ಎಣ್ಣೆಯನ್ನು ಹೊರಬಿಡುವುದರ ಬದಲು ಗಾಳಿಯನ್ನು ಒಳಕ್ಕೆ ಬಿಡಬಹುದು. ಹನಿ ಒಂದೂ ಬೀಳದೆ ನೊರೆಯೂ ಸದ್ದೂ ಕಂಡುಬಂದರೆ ಈ ಸಂಶಯ ಹುಟ್ಟಬೇಕು.

ಇಷ್ಟರಿಂದಲೂ ಪತ್ತೆಯಾಗದ ಸೂಕ್ಷ್ಮ ಸೋರಿಕೆಗೆ ಗ್ಯಾರೇಜಿನವರು ಎಣ್ಣೆಯಲ್ಲಿ ಒಂದು ಬಗೆಯ ಬಣ್ಣವನ್ನು ಬೆರೆಸಿ, ಕಾರನ್ನು ಸ್ವಲ್ಪ ಓಡಿಸಿ, ಕತ್ತಲೆಯಲ್ಲಿ ನೇರಳಾತೀತ ದೀಪವನ್ನು ಹಿಡಿದು ನೋಡುವರು. ಸೋರಿದ ಸ್ಥಳವು ಹಳದಿ ಹಸುರಾಗಿ ಹೊಳೆಯುವುದು. ಕಣ್ಣಿಗೆ ಕಾಣದ ಕಿರಣವನ್ನು ಹೀರಿ ಅದಕ್ಕಿಂತ ಉದ್ದವಾದ ಅಲೆಯ ಬೆಳಕನ್ನು ಹೊರಸೂಸುವ ಈ ವಿದ್ಯಮಾನವೇ ಪ್ರತಿದೀಪ್ತಿ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿ ಇಂಗ್ಲಿಷಿನಲ್ಲಿ ಇದಕ್ಕೆ ಹೆಸರಿಟ್ಟನು. ಹೀಗೆ ಒಂದು ಎಣ್ಣೆಯ ಹನಿಯ ಬೆನ್ನುಹತ್ತಿ ಹೊರಟರೆ ಪ್ಯಾಸ್ಕಲ್, ಬಾಯ್ಲ್, ಬುನ್ಸೆನ್, ಸ್ಟೋಕ್ಸ್ ನಾಲ್ವರನ್ನೂ ಸಂಧಿಸಬಹುದು.

ಕೈಯಿಂದ ಮುಟ್ಟಬಾರದ ಸೋರಿಕೆ

ಇಲ್ಲಿ ಎಚ್ಚರಿಕೆಯ ಕೆಲವು ಮಾತುಗಳು ಅವಶ್ಯ. ಎಂಜಿನ್ನು ನಡೆಯುತ್ತಿರುವಾಗ ಒತ್ತಡದ ಕೊಳವೆಯನ್ನು ಬೆರಳಿನಿಂದ ಸವರಿ ಸೋರಿಕೆಯನ್ನು ಹುಡುಕುವ ಅಭ್ಯಾಸವು ಅತ್ಯಂತ ಅಪಾಯಕರ. 80 ಲಕ್ಷ ಪ್ಯಾಸ್ಕಲ್ ಒತ್ತಡದಲ್ಲಿರುವ ಎಣ್ಣೆ ಸೂಜಿಮೊನೆಯಷ್ಟು ರಂಧ್ರದಿಂದ ಹೊರಬಂದರೆ, ಘರ್ಷಣೆಯನ್ನು ಗಣಿಸದಿದ್ದಲ್ಲಿ, ಅದರ ವೇಗವು ಸೆಕೆಂಡಿಗೆ ಸುಮಾರು 135 ಮೀಟರ್ ಎಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ತಿಳಿಯಬಹುದು. ನಿಜವಾದ ವೇಗ ಇದಕ್ಕಿಂತ ಕಡಿಮೆಯಾದರೂ ಅಂತಹ ಎಳೆಯು ಚರ್ಮವನ್ನು ತೂರಿ ಎಣ್ಣೆಯನ್ನು ಮಾಂಸದೊಳಕ್ಕೆ ನುಗ್ಗಿಸಬಲ್ಲುದು. ಹೊರಗೆ ಒಂದು ಚುಕ್ಕೆಯಷ್ಟೇ ಕಾಣುವುದರಿಂದ ಇದನ್ನು ಜನ ಅಲಕ್ಷಿಸುವರು. ವಾಸ್ತವವಾಗಿ ಇದು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ. ಕೈಯ ಬದಲು ರಟ್ಟಿನ ತುಂಡನ್ನು ಹಿಡಿಯತಕ್ಕದ್ದು. ಬೆಲ್ಟೂ ಫ್ಯಾನೂ ತಿರುಗುವ ಜಾಗದಲ್ಲಿ ದುಪಟ್ಟ, ಸೆರಗು, ಸಡಿಲ ತೋಳು ಕೂಡದು. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ಎಂದಿಗೂ ನುಸುಳಬಾರದು.

ಎಣ್ಣೆ ತುಂಬುವಾಗಲೂ ತಯಾರಕರ ಪುಸ್ತಕದಲ್ಲಿ ಹೇಳಿರುವ ಜಾತಿಯನ್ನೇ ತುಂಬಬೇಕು. ಸ್ಟೀಯರಿಂಗಿನ ಖನಿಜ ಎಣ್ಣೆಯನ್ನು ತಪ್ಪಾಗಿ ಬ್ರೇಕಿನ ಡಬ್ಬಿಗೆ ಸುರಿದರೆ ಅಲ್ಲಿನ ರಬ್ಬರ್ ಉಬ್ಬಿ ಬ್ರೇಕೇ ಕೈಕೊಡಬಹುದು. ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರಾವಣಗಳು ಒಣಗಿದ ರಬ್ಬರನ್ನು ಸ್ವಲ್ಪ ಉಬ್ಬಿಸಿ ತಾತ್ಕಾಲಿಕವಾಗಿ ಸಂದನ್ನು ಮುಚ್ಚಬಹುದು. ಸೀಳಿದ ಕೊಳವೆಯನ್ನು ಅವು ಕೂಡಿಸಲಾರವು. ಜ್ವರಕ್ಕೆ ಕಾರಣವನ್ನು ಹುಡುಕದೆ ಗುಳಿಗೆ ನುಂಗಿದಷ್ಟೇ ಅವುಗಳ ಪ್ರಯೋಜನ.

ಸೋರಿದ ಎಣ್ಣೆ ನಮ್ಮ ಅಂಗಳದಿಂದ ಮರೆಯಾದರೂ ಲೋಕದಿಂದ ಮರೆಯಾಗುವುದಿಲ್ಲ. ಮಳೆ ಬಿದ್ದ ರಸ್ತೆಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಹರಡಿರುವುದನ್ನು ಎಲ್ಲರೂ ಕಂಡಿರುವರು. ತೆಳುವಾದ ಪೊರೆಯ ಎರಡು ಮೈಗಳಿಂದ ಮರಳುವ ಬೆಳಕಿನ ವ್ಯತಿಕರಣವೇ ಅದಕ್ಕೆ ಕಾರಣ. ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಪಾಲು ಇದ್ದರೆ ಒಂದೇ ಮಿಲಿಲೀಟರ್ ಎಣ್ಣೆ ಮೂರು ಚದರ ಮೀಟರಿಗೂ ಹೆಚ್ಚು ನೀರನ್ನು ಮುಚ್ಚುವುದು. ಆ ನೀರು ಚರಂಡಿಗೂ ಅಲ್ಲಿಂದ ಕೆರೆಗೂ ಸೇರುವುದು. ಬಣ್ಣ ಸುಂದರವಾಗಿದೆಯೆಂದು ಅದನ್ನು ಮೆಚ್ಚಿ ಸುಮ್ಮನಿರಲಾಗದು. ಬಿದ್ದ ಎಣ್ಣೆಗೆ ಮರದ ಹೊಟ್ಟನ್ನು ಹಾಕಿ ಹೀರಿಸಿ ತೆಗೆಯಬೇಕು. ಬಳಸಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ಸಂಗ್ರಹಿಸಿ ಅದನ್ನು ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು.

ಎರಡು ಆಕ್ಷೇಪಗಳು

ನಮ್ಮ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಈಗ ವಿದ್ಯುತ್ತಿನ ಪವರ್ ಸ್ಟೀಯರಿಂಗು ಬಂದಿದೆ, ಎಣ್ಣೆಯ ಗೊಡವೆಯೇ ಇಲ್ಲ, ಅಳಿಯುತ್ತಿರುವ ವಿದ್ಯೆಯನ್ನು ಕಲಿಯುವುದೇಕೆ? 1988ರಲ್ಲಿ ಜಪಾನಿನ ಸುಜುಕಿ ಸೆರ್ವೋ ಎಂಬ ಸಣ್ಣ ಕಾರಿನಲ್ಲಿ ಕಾಣಿಸಿಕೊಂಡ ವಿದ್ಯುತ್ ಮೋಟಾರಿನ ಸಹಾಯವು ಇಂದು ನಮ್ಮ ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ಸಾಮಾನ್ಯವಾಗಿದೆ ಎಂಬುದು ದಿಟ. ಅಂತಹ ಕಾರುಗಳಲ್ಲಿ ಹುಡುಕಲು ಎಣ್ಣೆಯೇ ಇಲ್ಲ. ಆದರೆ ಹಳೆಯ ಕಾರುಗಳು ಇನ್ನೂ ಓಡುತ್ತಿವೆ. ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಎಣ್ಣೆಯ ಒತ್ತಡದ ಸ್ಟೀಯರಿಂಗು ವಿಶೇಷವಾಗಿ ಬಳಕೆಯಲ್ಲಿದೆ. ಹಳ್ಳಿಹಳ್ಳಿಯಲ್ಲಿ ಮಣ್ಣು ಅಗೆಯುವ ಜೆಸಿಬಿ ಯಂತ್ರದ ತೋಳು ಎಣ್ಣೆಯ ಒತ್ತಡದಿಂದಲೇ ಏಳುವುದು. ವಿದ್ಯುತ್ ಸ್ಟೀಯರಿಂಗಿನ ಕಾರುಗಳಲ್ಲಿಯೂ ಬ್ರೇಕಿಗೆ ಸಾಮಾನ್ಯವಾಗಿ ದ್ರವವೇ ಗತಿ. ಡಬ್ಬಿ ಬೇರೆಯಾಗಬಹುದು, ಹುಡುಕುವ ಕ್ರಮ ಬೇರೆಯಾಗದು. ಒರೆಸು, ಅಳೆ, ಒತ್ತಡ ಕೊಡು, ನೋಡು, ಮೂಲಕ್ಕೆ ಹೋಗು: ಇದು ವಿಜ್ಞಾನದ ವಿಧಾನವೇ ಆಗಿದೆ.

ಎರಡನೆಯ ಆಕ್ಷೇಪವನ್ನು ಜನರು ಬಾಯಿಬಿಟ್ಟು ಹೇಳುವುದು ಕಡಿಮೆ. ಆದರೆ ಅದು ಹೆಚ್ಚು ಆಳವಾದುದು. ಕೈಗೆ ಜಿಡ್ಡು ಹತ್ತುವ ಕೆಲಸ ಓದಿದವರಿಗೆ ತಕ್ಕುದಲ್ಲವೆಂಬ ಭಾವನೆ ಅದು. ನಮ್ಮ ಪಟ್ಟಣಗಳ ಗ್ಯಾರೇಜುಗಳಲ್ಲಿ ಶಾಲೆಯನ್ನು ಮುಗಿಸದ ಯುವಕರು ಎಷ್ಟೋ ಮಂದಿ ಇದ್ದಾರೆ. ಸದ್ದನ್ನು ಕೇಳಿಯೇ ಪಂಪಿಗೆ ಗಾಳಿ ಹೊಕ್ಕಿದೆಯೆಂದು ಅವರು ಹೇಳಬಲ್ಲರು. ಏಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಬರಿಗೈಯಿಂದ ಕೊಳವೆಯನ್ನು ಸವರುವ ಅಪಾಯವನ್ನೂ ಯಾರೂ ತಿಳಿಸಿರುವುದಿಲ್ಲ. ಇತ್ತ ನಮ್ಮ ವಿದ್ಯಾರ್ಥಿಗಳಿಗೆ ಏಕೆಂಬುದು ಗೊತ್ತು. ಸದ್ದನ್ನೇ ಅವರು ಕೇಳಿಲ್ಲ. ಒಬ್ಬರಲ್ಲಿ ನಿಯಮವಿದೆ, ಇನ್ನೊಬ್ಬರಲ್ಲಿ ವಿದ್ಯಮಾನವಿದೆ. ನಡುವೆ ಒಂದು ಗೋಡೆಯಿದೆ. ಪ್ಯಾಸ್ಕಲನಿಗೂ ಮಾಡ್‌ಸ್ಲೇಗೂ ನಡುವಣ 132 ವರ್ಷಗಳ ಅಂತರವನ್ನು ನಾವು ಪ್ರತಿಯೊಂದು ಊರಿನಲ್ಲಿಯೂ ಮತ್ತೆ ಮತ್ತೆ ಕಟ್ಟುತ್ತಿದ್ದೇವೆ. ಇದರಿಂದ ಇಬ್ಬರಿಗೂ ನಷ್ಟ. ದೇಶಕ್ಕೆ ಇನ್ನೂ ಹೆಚ್ಚಿನ ನಷ್ಟ.

ನಮ್ಮ ಸಲಹೆ

ಇದಕ್ಕೆ ಬಹಳ ಹಣವೇನೂ ಬೇಡ. ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಗುಜರಿಯಿಂದ ಒಂದು ಹಳೆಯ ಸ್ಟೀಯರಿಂಗ್ ಪಂಪನ್ನೂ ಒಂದು ಹಲ್ಲುಪಟ್ಟಿಯನ್ನೂ ತರಿಸಿಕೊಂಡು ಬಿಚ್ಚಿಡಲಿ. ತೊಗಲಿನ ಪಟ್ಟಿಯ ವಂಶದ ಆ ರಬ್ಬರ್ ತುಟಿಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು, ಅದರ ಬಾಯಿ ಯಾವ ಕಡೆಗೆ ತಿರುಗಿದೆ, ಏಕೆ, ಎಂದು ಯೋಚಿಸಲಿ. ವರ್ಷಕ್ಕೆ ಒಂದು ದಿನ ಊರಿನ ಅನುಭವಸ್ಥ ಮೆಕ್ಯಾನಿಕರೊಬ್ಬರನ್ನು ಗೌರವದಿಂದ ಕರೆಸಿ, ತಕ್ಕ ಸಂಭಾವನೆ ಕೊಟ್ಟು, ನಿಂತ ಕಾರಿನಲ್ಲಿ ಸೋರಿಕೆಯನ್ನು ಹುಡುಕುವ ಬಗೆಯನ್ನು ತೋರಿಸಿಕೊಡಲು ಕೇಳಲಿ. ಅಂದು ಉಪನ್ಯಾಸಕರು ವಿದ್ಯಾರ್ಥಿಗಳ ಸಾಲಿನಲ್ಲಿ ನಿಲ್ಲಲಿ. ಲೆಕ್ಕದ ಪ್ರಶ್ನೆ ಬಂದಾಗ ಮಾತ್ರ ಮುಂದೆ ಬರಲಿ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಸರಳ ಲೋಲಕದ ಪಕ್ಕದಲ್ಲಿ ಈ ಪರೀಕ್ಷೆಗೂ ಎರಡು ಪುಟಗಳು ದೊರೆಯಲಿ.

ಅಲ್ಲಿಯವರೆಗೆ ಕಾಯಬೇಕೆಂದೇನೂ ಇಲ್ಲ. ಮನೆಯಲ್ಲಿ ಎಣ್ಣೆಯ ಸ್ಟೀಯರಿಂಗಿನ ವಾಹನವಿರುವ ವಿದ್ಯಾರ್ಥಿಗಳು ಇಂದು ರಾತ್ರಿಯೇ ಅದರ ಅಡಿಯಲ್ಲಿ ಒಂದು ರಟ್ಟನ್ನು ಹಾಸಬಹುದು. ಡಬ್ಬಿಯ ಮಟ್ಟವನ್ನು ದಿನಾಂಕದೊಡನೆ ಬರೆದಿಡಬಹುದು. ಹದಿನೈದು ದಿನಗಳ ಮೇಲೆ ಅದೇ ಹೊತ್ತಿನಲ್ಲಿ, ಅದೇ ಸ್ಥಿತಿಯಲ್ಲಿ, ಮತ್ತೊಮ್ಮೆ ನೋಡಬಹುದು. ವ್ಯತ್ಯಾಸ ಕಂಡರೆ ಮನೆಯವರಿಗೆ ತಿಳಿಸಿ, ಗ್ಯಾರೇಜಿನವರ ಪಕ್ಕದಲ್ಲಿ ನಿಂತು ಮೂಲವನ್ನು ಹುಡುಕಬಹುದು. ವ್ಯತ್ಯಾಸವಿಲ್ಲದಿದ್ದರೂ ಪ್ರಯೋಗ ವ್ಯರ್ಥವಲ್ಲ. ಸೋರಿಕೆಯಿಲ್ಲವೆಂಬುದನ್ನು ಅಳೆದು ತಿಳಿದವರ ನಂಬಿಕೆಯು ಅಳೆಯದೆ ಧೈರ್ಯವಾಗಿರುವವರ ನಂಬಿಕೆಗಿಂತ ಬಹಳ ಬೆಲೆಯುಳ್ಳದ್ದು.